ಜಗಲಿಯಲ್ಲೇ ಕೂತು "640 ಮೀಟರ್‌ನಲ್ಲಿ ಕಟ್ ಆಗಿದೆ" ಅಂದ. ಅದು ಹೇಗೆ ಗೊತ್ತಾಯಿತು?

ಅಡಿಕೆ_ಅಂಗಳ (ಸೋಮವಾರ ರಾತ್ರಿ 9:12)

ನಮ್ಮದು ಸಾಗರದ ಕಡೆ ಒಂಟಿ ಮನೆ. ರಸ್ತೆ ಬದಿ ಕಂಬದ ಡಬ್ಬಿಯಿಂದ ಮನೆಗೆ ಫೈಬರ್ ಕೇಬಲ್ ತೋಟದ ಮೇಲೆ ಹಾದು ಬರುತ್ತದೆ, ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಕಂಬ ಇದ್ದಲ್ಲಿ ಕಂಬಕ್ಕೆ, ಇಲ್ಲದಿದ್ದಲ್ಲಿ ಅಡಿಕೆ ಮರಕ್ಕೆ ಕಟ್ಟಿದ್ದಾರೆ. ಶನಿವಾರ ಬೆಳಿಗ್ಗೆ ಮೋಡೆಮ್ ಮೇಲೆ ಎಲ್‌ಓಎಸ್ ದೀಪ (ಕೇಬಲ್‌ನಲ್ಲಿ ಬೆಳಕು ಬರುತ್ತಿಲ್ಲ ಅಂತ ಹೇಳುವುದು) ಕೆಂಪಗೆ ಮಿನುಗಲು ಶುರುವಾಯಿತು. ನನ್ನ ಕೆಲಸ ಪೂರ್ತಿ ಮನೆಯಿಂದಲೇ. ಎರಡು ದಿನ ಲ್ಯಾಪ್‌ಟಾಪ್ ಹೊತ್ತು ಗುಡ್ಡ ಹತ್ತಿದ್ದೇ ಬಂತು.

ಇವತ್ತು ಒಬ್ಬ ಹುಡುಗ ಬಂದ. ಮೋಡೆಮ್‌ನಿಂದ ವೈರ್ ಬಿಚ್ಚಿ ತನ್ನ ಕೈಯಲ್ಲಿದ್ದ ಯಂತ್ರಕ್ಕೆ ಚುಚ್ಚಿದ. ಪರದೆ ಮೇಲೆ ಒಂದು ಗೆರೆ ಬಂತು. ನಿಧಾನಕ್ಕೆ ಇಳಿಜಾರಾಗಿ ಹೋಗಿ, ಒಂದು ಕಡೆ ಮುಳ್ಳಿನ ಹಾಗೆ ಎದ್ದು, ಧಡಕ್ಕನೆ ನೆಲ ಕಚ್ಚಿತ್ತು. "640 ಮೀಟರ್‌ನಲ್ಲಿ ಕಟ್ ಆಗಿದೆ ಅಣ್ಣ" ಅಂದ. ಜಗಲಿ ಇಳಿದೇ ಇರಲಿಲ್ಲ ಆಸಾಮಿ! ಇಬ್ಬರೂ ನಡೆದುಕೊಂಡು ಹೋದೆವು. ಪಕ್ಕದ ಮನೆಯವರ ಕೊಟ್ಟಿಗೆ ಹಿಂದೆ ಮಂಗಗಳು ಜೋತಾಡಿ ಕೇಬಲ್ ಹರಿದು ಹಾಕಿದ್ದವು. ಸರಿಯಾಗಿ ಅಲ್ಲೇ.

ಎರಡು ಪ್ರಶ್ನೆ. ಒಂದು, ಈ ತುದಿಯಲ್ಲಿ ಕೂತವನಿಗೆ ಆ ಜಾಗ ಹೇಗೆ ಗೊತ್ತಾಯಿತು? ಎರಡು, ಫೋನಿನಲ್ಲಿ ನಾನು ಅಳೆದಾಗ ಅದು 590 ಮೀಟರ್ ಮಾತ್ರ ಇತ್ತು. ಉಳಿದ 50 ಮೀಟರ್ ಎಲ್ಲಿ ಹೋಯಿತು?

ಸ್ಪ್ಲೈಸಿಂಗ್_ಮಂಜ (9:31)

ಅಣ್ಣ, ಅದು ಓಟಿಡಿಆರ್. ನಾನು 11 ವರ್ಷದಿಂದ ಅದನ್ನೇ ಹಿಡಿದುಕೊಂಡು ತಿರುಗುತ್ತಿದ್ದೇನೆ. ಬಾವಿಗೆ ಕಲ್ಲು ಹಾಕಿ ಶಬ್ದ ಬರೋವರೆಗೂ ಎಣಿಸುತ್ತೇವಲ್ಲ, ಅದೇ ಲೆಕ್ಕ. ಯಂತ್ರ ಫೈಬರ್ ಒಳಗೆ ಲೇಸರ್ ಬೆಳಕಿನ ಒಂದು ಮಿಟುಕು ಬಿಡುತ್ತದೆ. ತುಂಡಾದ ತುದಿಗೆ ಬಡಿದು ಸ್ವಲ್ಪ ಬೆಳಕು ವಾಪಸ್ ಬರುತ್ತದೆ. ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡುತ್ತದೆ. ಒಂದು ಕಿಲೋಮೀಟರ್ ಹೋಗಿ ಬರೋಕೆ ಸುಮಾರು 10 ಮೈಕ್ರೋಸೆಕೆಂಡ್. ನಿಮ್ಮದು ಆರು ಚಿಲ್ಲರೆ ಬಂದಿರುತ್ತದೆ.

ಉಳಿದ 50 ಮೀಟರ್ ಎಲ್ಲೂ ಹೋಗಿಲ್ಲ, ಕಂಬದ ಮೇಲೇ ಇದೆ. ಮುಂದೆ ರಿಪೇರಿಗೆ ಬೇಕಾಗುತ್ತದೆ ಅಂತ ಅಲ್ಲಲ್ಲಿ ಸುರುಳಿ ಸುತ್ತಿ ಬಿಟ್ಟಿರುತ್ತೇವೆ. ಮರದಿಂದ ಮರಕ್ಕೆ ಜೋಲು ಬೇರೆ. ಯಂತ್ರ ಅಳೆಯುವುದು ಗಾಜನ್ನು, ನಿಮ್ಮ ತೋಟವನ್ನಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಇದು ಗೊತ್ತಿರಲಿಲ್ಲ. ಸುರುಳಿ ಲೆಕ್ಕ ಕಳೆಯದೆ, ಕಟ್ ಆದ ಜಾಗದಿಂದ 40 ಮೀಟರ್ ಮುಂದೆ ರಸ್ತೆ ಅಗೆಸಿ ಬೈಸಿಕೊಂಡಿದ್ದೇನೆ.

ಅಡಿಕೆ_ಅಂಗಳ (9:40)

ಮಂಜಣ್ಣ, ಬಾವಿ ಉದಾಹರಣೆ ಚೆನ್ನಾಗಿದೆ. ಆದರೆ ಒಂದು ಅರ್ಥ ಆಗಲಿಲ್ಲ. ತುಂಡಾದ ಕಡೆಯಿಂದ ಬೆಳಕು ವಾಪಸ್ ಬರುವುದು ಸರಿ. ಅದಕ್ಕೂ ಮುಂಚೆ ಉದ್ದಕ್ಕೂ ಒಂದು ಇಳಿಜಾರು ಗೆರೆ ಇತ್ತಲ್ಲ? ಅಲ್ಲಿ ಏನೂ ತುಂಡಾಗಿರಲಿಲ್ಲ. ಅಲ್ಲಿಂದ ಏನು ವಾಪಸ್ ಬರುತ್ತಿತ್ತು?

ಸ್ಪ್ಲೈಸಿಂಗ್_ಮಂಜ (9:44)

ಅದು ಯಾವಾಗಲೂ ಇರುತ್ತೆ ಅಣ್ಣ. ಯಾಕೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ 🙂

ಬೆಳಕಿನ_ಹುಳು (10:20)

ಅಡಿಕೆ ಅಂಗಳದವರು ಕೇಳಿದ್ದೇ ಸರಿಯಾದ ಪ್ರಶ್ನೆ. ನಾನು ಲ್ಯಾಬ್‌ನಲ್ಲಿ ಫೈಬರ್ ಮೇಲೇ ಕೆಲಸ ಮಾಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಸ್ಕ್ರೋಲ್ ಮಾಡಿ.

ಗಾಜು ಅಂದರೆ ಕಾಯಿಸಿದ ದ್ರವ ಜೋಡಣೆಯಾಗುವ ಮೊದಲೇ ಗಟ್ಟಿಯಾಗಿಬಿಟ್ಟ ಹಾಗೆ. ಹರಳಿನಲ್ಲಿರುವಂತೆ ಅಣುಗಳು ಸಾಲಾಗಿ ಕೂತಿರುವುದಿಲ್ಲ. ಒಂದು ಕಡೆ ಒಂದು ಚೂರು ದಟ್ಟ, ಪಕ್ಕದಲ್ಲಿ ಒಂದು ಚೂರು ತೆಳು. ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಸಣ್ಣ ಏರುಪೇರುಗಳು ಇವು. ಬೆಳಕು ಹಾದು ಹೋಗುವಾಗ ಇವುಗಳಿಗೆ ತಗುಲಿ ಒಂದಿಷ್ಟು ಎಲ್ಲಾ ದಿಕ್ಕಿಗೂ ಚೆದುರುತ್ತದೆ. ಇದಕ್ಕೆ ರ್‍ಯಾಲೇ ಚೆದುರುವಿಕೆ ಅನ್ನುತ್ತಾರೆ. ಆಕಾಶ ನೀಲಿಯಾಗಿ ಕಾಣುವುದೂ ಇದರಿಂದಲೇ. ಚೆದುರಿದ್ದರಲ್ಲಿ ಒಂದು ಕಣದಷ್ಟು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತದೆ. ಕಳಿಸಿದ್ದರ ಹತ್ತು ಲಕ್ಷ ಪಾಲಿನಲ್ಲಿ ಕೆಲವೇ ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಯಂತ್ರ ಒಂದೇ ಮಿಟುಕು ಬಿಟ್ಟು ಸುಮ್ಮನಾಗುವುದಿಲ್ಲ. ಸಾವಿರಾರು ಸಲ ಬಿಟ್ಟು ಸರಾಸರಿ ತೆಗೆಯುತ್ತದೆ. ಮಂಜಣ್ಣ "ಸ್ವಲ್ಪ ಇರಿ ಅಣ್ಣ" ಅಂತ ಅರ್ಧ ನಿಮಿಷ ಕಾಯಿಸುವುದು ಅದಕ್ಕೇ.

ನೀವು ನೋಡಿದ ಇಳಿಜಾರು ಇದೇ. ಮುಂದೆ ಹೋದ ಹಾಗೆ ಬೆಳಕು ಕಡಿಮೆಯಾಗುತ್ತದೆ, ವಾಪಸ್ ಬರುವ ಚೂರೂ ಕಡಿಮೆಯಾಗುತ್ತದೆ.

ಈ ಇಳಿಜಾರು ಎಷ್ಟು ಚಪ್ಪಟೆ ಅನ್ನುವುದರ ಮೇಲೇ ಇಂಟರ್‌ನೆಟ್ ನಿಂತಿದೆ. ನಿಮ್ಮ ಮನೆಯಲ್ಲಿ ಗಾಜಿನ ಟೀಪಾಯಿ ಇದ್ದರೆ ಅದರ ಅಂಚಿನ ಕಡೆಯಿಂದ ನೋಡಿ. ಹಸಿರಾಗಿ ಕಾಣುತ್ತದೆ ಅಲ್ವಾ? ಅದು ಗಾಜಿನಲ್ಲಿ ಸೇರಿಕೊಂಡ ಕಬ್ಬಿಣದ ಬಣ್ಣ. ಒಂದೆರಡು ಅಡಿ ಗಾಜಿನಲ್ಲೇ ಇಷ್ಟು ಬೆಳಕು ಸಾಯುತ್ತದೆ. 1960ರ ದಶಕದಲ್ಲಿ ಸಿಗುತ್ತಿದ್ದ ಫೈಬರ್‌ಗಳಲ್ಲಿ ನಷ್ಟ ಕಿಲೋಮೀಟರಿಗೆ 1000 ಡೆಸಿಬಲ್ ಆಸುಪಾಸು. ಮೂರು ಡೆಸಿಬಲ್ ಹೋದರೆ ಬೆಳಕು ಅರ್ಧ, ಅಂದರೆ ಇಲ್ಲಿ ಮೂರು ಮೀಟರಿಗೇ ಅರ್ಧ. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ "ತಪ್ಪು ಗಾಜಿನದಲ್ಲ, ಗಾಜಿನಲ್ಲಿರುವ ಕಲ್ಮಶದ್ದು. ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದರೆ ಫೋನ್ ಮಾತು ಸಾಗಿಸಬಹುದು" ಅನ್ನುವ ಅರ್ಥದಲ್ಲಿ ಬರೆದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಮೌರರ್, ಕೆಕ್, ಶುಲ್ಟ್ಜ್ ಎಂಬ ಮೂವರು 17ಕ್ಕೆ ತಂದರು. 1979ರಲ್ಲಿ ಜಪಾನಿನವರು 0.2 ಮುಟ್ಟಿಸಿದರು. 0.2 ಅಂದರೆ ಬೆಳಕು ಅರ್ಧ ಆಗಲು 15 ಕಿಲೋಮೀಟರ್ ಬೇಕು.

ಕಬ್ಬಿಣ ತೆಗೆದದ್ದು ಹೇಗೆ ಗೊತ್ತಾ? ಮರಳು ಕರಗಿಸುವುದನ್ನೇ ಬಿಟ್ಟರು. ಸಿಲಿಕಾನ್ ಟೆಟ್ರಾಕ್ಲೋರೈಡ್ ಅನ್ನುವ ದ್ರವ 58 ಡಿಗ್ರಿ ಹತ್ತಿರ ಕುದಿಯುತ್ತದೆ. ಕಬ್ಬಿಣದ ಕ್ಲೋರೈಡ್ ಕುದಿಯಲು 300 ಡಿಗ್ರಿ ದಾಟಬೇಕು. ಭಟ್ಟಿ ಇಳಿಸಿದರೆ ಕಬ್ಬಿಣ ತಳದಲ್ಲೇ ಉಳಿಯುತ್ತದೆ. ಮೇಲೆ ಬಂದ ಆವಿಯನ್ನು ಆಮ್ಲಜನಕದ ಜೊತೆ ಸುಟ್ಟರೆ ಅಚ್ಚ ಗಾಜಿನ ಮಸಿ. ಆ ಮಸಿಯನ್ನು ಕಾಯಿಸಿ ಕೋಲು ಮಾಡಿ, 2000 ಡಿಗ್ರಿ ಹತ್ತಿರ ಮೆದುಮಾಡಿ ಎಳೆ ಎಳೆಯುತ್ತಾರೆ.

ಕಲ್ಮಶವನ್ನು ಹೀಗೆ ತೆಗೆದರು. ಆದರೆ ರ್‍ಯಾಲೇ ಚೆದುರುವಿಕೆ ಗಾಜಿನ ಹುಟ್ಟುಗುಣ, ಅದನ್ನು ತೆಗೆಯಲು ಬರುವುದಿಲ್ಲ. ಅಲೆಯ ಉದ್ದ ಎರಡರಷ್ಟಾದರೆ ಅದು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಕಣ್ಣಿಗೆ ಕಾಣುವ ಬೆಳಕು ಬಿಟ್ಟು 1310, 1550 ನ್ಯಾನೋಮೀಟರ್ ಕಡೆ ಹೋದದ್ದು. ಇನ್ನೂ ಮುಂದೆ ಹೋದರೆ ಗಾಜೇ ಬೆಳಕನ್ನು ನುಂಗಲು ಶುರುಮಾಡುತ್ತದೆ. ಚೆದುರುವುದು, ನುಂಗುವುದು ಎರಡರ ನಡುವಿನ ತಗ್ಗು 1550.

ಕೋಲಾರ_ಚಿನ್ನ (10:41)

ಕಾವ್‌ಗೆ 2009ರಲ್ಲಿ ನೊಬೆಲ್ ಕೊಟ್ಟರು. ಫೈಬರ್ ಕಂಡುಹಿಡಿದದ್ದು ನಮ್ಮ ನರಿಂದರ್ ಸಿಂಗ್ ಕಪಾನಿ. ಅವರಿಗೆ ಮೋಸ ಆಯಿತು. ಇದನ್ನು ಯಾರೂ ಬರೆಯುವುದಿಲ್ಲ.

ಬೆಳಕಿನ_ಹುಳು (10:52)

ಕಪಾನಿ ದೊಡ್ಡವರು, ಅನುಮಾನವೇ ಇಲ್ಲ. 1954ರಲ್ಲಿ ಲಂಡನ್ನಿನಲ್ಲಿ ಹಾಪ್‌ಕಿನ್ಸ್ ಜೊತೆ ಸೇರಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಹೊಟ್ಟೆಯೊಳಗೆ ಇಳಿಸಿ ನೋಡುವ ಎಂಡೋಸ್ಕೋಪ್ ಬಂದದ್ದು ಆ ದಾರಿಯಲ್ಲಿ. ಆದರೆ ಅದು ಒಂದು ಮೀಟರ್ ಆಸುಪಾಸಿನ ಮಾತು. ಊರಿಂದ ಊರಿಗೆ ಸಾಗಿಸಲು ನಷ್ಟ ಎಲ್ಲಿಂದ ಬರುತ್ತಿದೆ ಅಂತ ಹಿಡಿದದ್ದು ಕಾವ್. ನೊಬೆಲ್ ಸಿಕ್ಕಿದ್ದು ಅದಕ್ಕೆ. ಕಪಾನಿಯವರಿಗೂ ಪಾಲು ಸಿಗಬೇಕಿತ್ತು ಅಂತ ನನಗೂ ಅನಿಸುತ್ತದೆ, ಆದರೆ ಮೋಸ ಅನ್ನುವುದು ಜಾಸ್ತಿಯಾಯಿತು. ತೀರಿಕೊಂಡ ಮೇಲೆ 2021ರಲ್ಲಿ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟಿತು.

ಮಾಡರೇಟರ್ (11:05)

ನೊಬೆಲ್ ಜಗಳ ಇಲ್ಲಿಗೆ ಸಾಕು. ಕೋಲಾರದವರ ಮುಂದಿನ ಮೂರು ಕಾಮೆಂಟ್ ತೆಗೆದಿದ್ದೇನೆ.

ನಿವೃತ್ತ_ಮೇಷ್ಟ್ರು (ಮಂಗಳವಾರ ಬೆಳಿಗ್ಗೆ 6:15)

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಅಂತ ಬೋರ್ಡ್ ಮೇಲೆ ಝಿಗ್‌ಝಾಗ್ ಗೆರೆ ಬರೆದು ಪಾಠ ಮಾಡಿದವನು ನಾನು. ಬೆಳಕು ಗೋಡೆಗೆ ಬಡಿದು ಬಡಿದು ಮುಂದೆ ಹೋಗುತ್ತದೆ ಅಂತ. ಅದು ಸರಿ ತಾನೇ ತಂಗಿ?

ಇನ್ನೊಂದು ಮಾತು. ನೀವು ರ್‍ಯಾಲೇ ಅಂದಿರಿ, ನಮ್ಮ ರಾಮನ್ ನೆನಪಾದರು. 1921ರಲ್ಲಿ ಹಡಗಿನಲ್ಲಿ ಬರುವಾಗ ಸಮುದ್ರ ಯಾಕೆ ನೀಲಿ ಅಂತ ಯೋಚಿಸಿದರು. ಸಮುದ್ರ ಆಕಾಶದ ಬಣ್ಣವನ್ನು ತೋರಿಸುತ್ತದೆ ಅಷ್ಟೇ ಅಂದಿದ್ದರು ರ್‍ಯಾಲೇ. ಅದನ್ನು ಒಪ್ಪದೆ ಹೊರಟ ರಾಮನ್ 1928ರ ಫೆಬ್ರವರಿ 28ರಂದು ತಮ್ಮ ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿದರು. ಕಲ್ಕತ್ತೆಯಲ್ಲಿ. ಆಮೇಲೆ 1933ರಿಂದ ಕೊನೆವರೆಗೂ ಬೆಂಗಳೂರಿನವರೇ ಆದರು. ಈ ಫೈಬರಿನಲ್ಲಿ ರಾಮನ್ ಪರಿಣಾಮಕ್ಕೆ ಏನಾದರೂ ಕೆಲಸ ಇದೆಯೇ?

ಬೆಳಕಿನ_ಹುಳು (8:03)

ನಮಸ್ಕಾರ ಮೇಷ್ಟ್ರೇ. ದಪ್ಪ ಫೈಬರಿಗೆ ಝಿಗ್‌ಝಾಗ್ ಸರಿಯೇ. ಆದರೆ ಈಗ ಮನೆಗೆ ಬರುವ ಫೈಬರಿನಲ್ಲಿ ಬೆಳಕು ಓಡುವ ನಡುಭಾಗ 9 ಮೈಕ್ರಾನ್ ಮಾತ್ರ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಬೆಳಕಿನ ಅಲೆಯೇ ಒಂದೂವರೆ ಮೈಕ್ರಾನ್. ಅಷ್ಟು ಕಿರಿದಾದ ಓಣಿಯಲ್ಲಿ ಅಲೆ ಗೋಡೆಗೆ ಬಡಿದು ಹೋಗುವುದಿಲ್ಲ, ಓಣಿ ತುಂಬಿಕೊಂಡು, ಒಂಚೂರು ಗೋಡೆಯೊಳಗೂ ಚಾಚಿಕೊಂಡು ಹೋಗುತ್ತದೆ. ಕೇಬಲ್ ತುಂಬಾ ಬಗ್ಗಿಸಿದರೆ ಆ ಚಾಚಿಕೊಂಡ ಭಾಗ ಹೊರಗೆ ಸೋರುತ್ತದೆ.

ರಾಮನ್ ಕೆಲಸ ಇದೆ, ಚೆನ್ನಾಗೇ ಇದೆ. ವಾಪಸ್ ಬರುವ ಬೆಳಕಿನಲ್ಲಿ ಅತಿ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾದ ಪಾಲಿನಲ್ಲಿ ಹೆಚ್ಚು ಶಕ್ತಿಯದ್ದೆಷ್ಟು, ಕಡಿಮೆ ಶಕ್ತಿಯದ್ದೆಷ್ಟು ಅಂತ ತೂಗಿ ನೋಡಿದರೆ ಆ ಜಾಗದ ಗಾಜು ಎಷ್ಟು ಬಿಸಿ ಇದೆ ಅಂತ ಗೊತ್ತಾಗುತ್ತದೆ. ಸುರಂಗಗಳಲ್ಲಿ, ನೆಲದಡಿಯ ಹೈವೋಲ್ಟೇಜ್ ಕೇಬಲ್‌ಗಳ ಪಕ್ಕದಲ್ಲಿ ಹೀಗೆ ಒಂದು ಫೈಬರ್ ಎಳೆದಿರುತ್ತಾರೆ. ಕಿಲೋಮೀಟರ್‌ಗಟ್ಟಲೆ ಉದ್ದದ ಥರ್ಮಾಮೀಟರ್ ಅದು.

ಸ್ಪ್ಲೈಸಿಂಗ್_ಮಂಜ (8:20)

ಬಗ್ಗಿಸಿದರೆ ಸೋರುತ್ತೆ ಅಂದರಲ್ಲ ಅಕ್ಕ, ಅದನ್ನು ಎಲ್ಲರೂ ಓದಿಕೊಳ್ಳಿ. ನನ್ನ ಕಂಪ್ಲೇಂಟ್‌ಗಳಲ್ಲಿ ಎಷ್ಟೋ ಟಿವಿ ಹಿಂದಿನ ಮೊಳೆಯವು. ಜಾಸ್ತಿಯಾದ ವೈರನ್ನು ಚೆನ್ನಾಗಿ ಕಾಣಲಿ ಅಂತ ಬಿಗಿಯಾಗಿ ಮೊಳೆಗೆ ಸುತ್ತಿ ಇಟ್ಟಿರುತ್ತಾರೆ. ಬಿಚ್ಚಿ ಸಡಿಲ ಬಿಟ್ಟರೆ ಬೆಳಕಿನ ಪವರ್ ತಾನಾಗಿ ಸರಿಹೋಗುತ್ತೆ.

ಅಡಿಕೆ_ಅಂಗಳ (8:34)

ನಮ್ಮ ಮನೆಯಲ್ಲೂ ಮೊಳೆ ಇದೆ. ಈಗಲೇ ಬಿಚ್ಚುತ್ತೇನೆ.

ಮಂಜಣ್ಣ, ಆ ಹುಡುಗ ಜೋಡಿಸುವುದನ್ನು ಕೊಟ್ಟಿಗೆ ಹಿಂದೆ ನಿಂತು ನೋಡಿದೆ, ಆದರೆ ಮಳೆ ಹನಿಯುತ್ತಿತ್ತು. ನಾನು ಕೊಡೆ ಹಿಡಿದಿದ್ದೆ, ಅವನು ಬಗ್ಗಿಕೊಂಡಿದ್ದ. ಪೂರ್ತಿ ಕಾಣಲಿಲ್ಲ. ಸ್ವಲ್ಪ ಹೇಳಿ.

ಸ್ಪ್ಲೈಸಿಂಗ್_ಮಂಜ (1:10)

ಊಟಕ್ಕೆ ಕೂತಿದ್ದೇನೆ, ಹೇಳುತ್ತೇನೆ.

ಮೊದಲು ಸ್ಲೀವ್ ತೂರಿಸಬೇಕು. ಇಷ್ಟುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೆ ಸ್ಟೀಲ್ ಕಡ್ಡಿ ಇರುತ್ತೆ. ಜೋಡಿಸಿದ ಮೇಲೆ ನೆನಪಾದರೆ ಮುಗಿಯಿತು, ಮತ್ತೆ ಕತ್ತರಿಸಿ ಮೊದಲಿನಿಂದ ಶುರು. ನನಗೆ ಈಗಲೂ ತಿಂಗಳಿಗೊಮ್ಮೆ ಹಾಗಾಗುತ್ತೆ. ಆಮೇಲೆ ಸ್ಟ್ರಿಪ್ಪರ್‌ನಲ್ಲಿ ಮೇಲಿನ ಬಣ್ಣದ ಪದರ ಕೀಳಬೇಕು. ಉಳಿಯೋದು 125 ಮೈಕ್ರಾನ್ ಗಾಜು, ದಪ್ಪ ಕೂದಲಿನಷ್ಟು. ಸ್ಪಿರಿಟ್‌ನಲ್ಲಿ ಅದ್ದಿದ ಟಿಶ್ಯೂನಿಂದ ಒರೆಸಬೇಕು. ಚೊಕ್ಕ ಆಯಿತು ಅಂತ ಕಿವಿಗೇ ಗೊತ್ತಾಗುತ್ತೆ, ತೊಳೆದ ಸ್ಟೀಲ್ ತಟ್ಟೆ ಮೇಲೆ ಬೆರಳು ಎಳೆದ ಹಾಗೆ ಕೀಚ್ ಅನ್ನುತ್ತೆ.

ಆಮೇಲೆ ಕ್ಲೀವರ್. ಇದು ಕತ್ತರಿಸಲ್ಲ, ವಜ್ರದ ಹಾಗಿರೋ ಬ್ಲೇಡಿನಿಂದ ಒಂದು ಗೀರು ಹಾಕಿ ಮುರಿಯುತ್ತೆ. ತುದಿ ನೆಟ್ಟಗೆ, ಕನ್ನಡಿ ಹಾಗೆ ಬರಬೇಕು. ಎರಡು ತುದಿ ಸ್ಪ್ಲೈಸಿಂಗ್ ಮಷಿನ್‌ನಲ್ಲಿ ಎದುರುಬದುರು ಇಟ್ಟು ಮುಚ್ಚಳ ಹಾಕಿದರೆ ಪರದೆ ಮೇಲೆ ಎರಡೂ ಕೊಳಾಯಿ ಪೈಪ್‌ನಷ್ಟು ದಪ್ಪ ಕಾಣುತ್ತವೆ. ಒಂದು ಧೂಳಿನ ಕಣ ಕೂತರೂ ಬಂಡೆ ಕಂಡ ಹಾಗೆ. ಮಷಿನ್ ತಾನೇ ಸಾಲು ಹೊಂದಿಸಿಕೊಂಡು ಚಿಟ್ ಅಂತ ಒಂದು ಕಿಡಿ ಹಾರಿಸುತ್ತೆ. ಎರಡು ಗಾಜು ಕರಗಿ ಒಂದಾಗುತ್ತೆ. ಲಾಸ್ 0.02 ಅಂತ ತೋರಿಸಿದರೆ ಕೈ ಮುಗಿದು ಸ್ಲೀವ್ ಬಿಸಿ ಮಾಡೋದು.

ಮುರಿದ ಗಾಜಿನ ಚೂರನ್ನು ಟೇಪಿಗೆ ಅಂಟಿಸಿ ಇಡಬೇಕು, ನೆಲಕ್ಕೆ ಬೀಳಿಸಬಾರದು. ಕಾಲಿಗೆ ಚುಚ್ಚಿದರೆ ಕಣ್ಣಿಗೂ ಕಾಣಲ್ಲ, ಕೈಗೂ ಸಿಗಲ್ಲ. ಅದಕ್ಕೇ ಕೈ ತೊಳೆಯದೆ ಊಟಕ್ಕೆ ಕೂರಲ್ಲ ನಾನು. ಮತ್ತೆ, ಬಿಚ್ಚಿದ ಕೇಬಲ್ ತುದಿಗೆ ಕಣ್ಣಿಟ್ಟು ಬೆಳಕು ಬರ್ತಿದೆಯಾ ಅಂತ ಯಾರೂ ನೋಡಬೇಡಿ. ಬರ್ತಿದ್ದರೂ ಕಾಣಲ್ಲ, ಕಣ್ಣಿಗೆ ಪೆಟ್ಟಾಗಬಹುದು.

ಹುಬ್ಬಳ್ಳಿ_ಅಕ್ಕ (3:25)

ಬೆಳಕು ಬಿಟ್ಟು ವಾಪಸ್ ಬರೋದನ್ನು ನೋಡೋದು ಅಂದಿರಲ್ಲ, ನಮ್ಮ ಅವ್ವಗ ಸಕ್ಕರೆ ಕಾಯಿಲೆ. ಕಣ್ಣಿನ ಡಾಕ್ಟರು ಓಸಿಟಿ ಅಂತ ಸ್ಕ್ಯಾನ್ ಮಾಡಿಸಿದರು. ಗದ್ದ ಇಟ್ಟು ಕೂತರೆ ಎರಡೇ ನಿಮಿಷ, ಕಣ್ಣಿನ ಪರದೆ ಪದರ ಪದರವಾಗಿ ಹೊಲದ ಮಣ್ಣು ಸೀಳಿದ ಹಾಗೆ ಕಂಡಿತು. ನಡುವೆ ಕಪ್ಪು ಗುಳ್ಳೆ, ಅದು ನೀರು ತುಂಬಿದ್ದು ಅಂದರು. ಅದೂ ಇದೇ ತಂತ್ರವೇ?

ಬೆಳಕಿನ_ಹುಳು (4:02)

ಅಕ್ಕಾ, ಅಣ್ಣತಮ್ಮಂದಿರ ಹಾಗೆ. ಆದರೆ ಒಂದು ದೊಡ್ಡ ತೊಡಕಿದೆ. ಮಂಜಣ್ಣನ ಯಂತ್ರಕ್ಕೆ ಒಂದೆರಡು ಮೀಟರ್ ಆಚೀಚೆಯಾದರೂ ನಡೆಯುತ್ತದೆ. ಅವ್ವನ ಕಣ್ಣಿನ ಪರದೆಯೇ ಕಾಲು ಮಿಲಿಮೀಟರ್ ಆಸುಪಾಸು. ಅದರೊಳಗಿನ ಪದರ ಬಿಡಿಸಲು 10 ಮೈಕ್ರಾನ್ ಲೆಕ್ಕ ಬೇಕು. ಅಷ್ಟು ದೂರ ಬೆಳಕು ಹೋಗಿ ಬರುವ ಹೊತ್ತನ್ನು ಎಣಿಸುವ ಗಡಿಯಾರ ಯಾವ ಕಂಪನಿಯೂ ಮಾಡಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದರು. ಬೆಳಕನ್ನು ಎರಡು ಪಾಲು ಮಾಡಿ ಒಂದನ್ನು ಕಣ್ಣಿಗೆ, ಇನ್ನೊಂದನ್ನು ಒಂದು ಕನ್ನಡಿಗೆ ಕಳಿಸುತ್ತಾರೆ. ವಾಪಸ್ ಬಂದ ಎರಡನ್ನೂ ಸೇರಿಸುತ್ತಾರೆ. ಎರಡೂ ನಡೆದ ದಾರಿ ಸಮ ಇದ್ದಾಗ ಮಾತ್ರ ಅಲೆಗಳು ಒಂದಕ್ಕೊಂದು ಹೊಂದಿ ಏರಿಳಿತ ಕಾಣಿಸುತ್ತದೆ. ಕನ್ನಡಿ ಎಷ್ಟು ದೂರದಲ್ಲಿದೆ ಅಂತ ಗೊತ್ತಿದ್ದರೆ ಪದರ ಎಷ್ಟು ಆಳದಲ್ಲಿದೆ ಅಂತ ಗೊತ್ತಾದ ಹಾಗೆ. ಈಗಿನ ಯಂತ್ರಗಳಲ್ಲಿ ಕನ್ನಡಿ ಸರಿಸುವುದೂ ಇಲ್ಲ, ಬಣ್ಣ ಬಿಡಿಸಿ ಲೆಕ್ಕದಲ್ಲೇ ಆಳ ತೆಗೆಯುತ್ತಾರೆ.

1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇಮ್ಸ್ ಫುಜಿಮೊಟೊ, ಡೇವಿಡ್ ಹುವಾಂಗ್ ಮತ್ತವರ ಗುಂಪು ಇದನ್ನು ಪ್ರಕಟಿಸಿತು. ಮೊದಲ ಯಂತ್ರ ಕಟ್ಟಿದ್ದು ಫೈಬರ್‌ನಲ್ಲೇ. ಗುಂಪಿನಲ್ಲಿದ್ದ ಎರಿಕ್ ಸ್ವಾನ್ಸನ್ ಅದಕ್ಕೂ ಮೊದಲು ಉಪಗ್ರಹಗಳ ನಡುವೆ ಲೇಸರ್ ಸಂಪರ್ಕದ ಮೇಲೆ ಕೆಲಸ ಮಾಡಿದವರು. ಟೆಲಿಫೋನಿನವರ ಸಾಮಾನು ಕಣ್ಣಾಸ್ಪತ್ರೆಗೆ ಬಂದದ್ದು ಹೀಗೆ. ಅವ್ವನ ಕಣ್ಣು ಈಗ ಹೇಗಿದೆ?

ಹುಬ್ಬಳ್ಳಿ_ಅಕ್ಕ (4:15)

ಇಂಜೆಕ್ಷನ್ ಆದ ಮೇಲೆ ಗುಳ್ಳೆ ಸಣ್ಣದಾಗಿದೆ. ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ ಈಗ.

ಕಾಫಿ_ಎಸ್ಟೇಟ್ (5:50)

ನಾನು ಸಕಲೇಶಪುರದವನು. ನಮ್ಮ ಕಡೆ ಆನೆ ಕಾಟ ಹೇಳತೀರದು. ಫೈಬರ್ ಕೇಬಲ್‌ನಿಂದ ಆನೆ ಬರೋದು ಗೊತ್ತಾಗುತ್ತೆ ಅಂತ ಎಲ್ಲೋ ಓದಿದೆ. ನಿಜವಾ, ಇಲ್ಲ ವಾಟ್ಸಾಪ್ ಸುದ್ದಿಯಾ?

ಬೆಳಕಿನ_ಹುಳು (6:30)

ನಿಜ. ಅದೂ ಇದೇ ರ್‍ಯಾಲೇ ಬೆಳಕು. ನೆಲ ಅದುರಿದರೆ ಹೂತ ಫೈಬರ್ ಒಂದು ಎಳ್ಳಿನಷ್ಟೂ ಅಲ್ಲದ ಲೆಕ್ಕದಲ್ಲಿ ಹಿಗ್ಗಿ ಕುಗ್ಗುತ್ತದೆ. ಆ ಜಾಗದಿಂದ ವಾಪಸ್ ಬರುವ ಬೆಳಕಿನ ಅಲೆ ಅಷ್ಟೇ ಸರಿಯುತ್ತದೆ. ಒಂದು ತುದಿಯಲ್ಲಿ ಯಂತ್ರ ಇಟ್ಟರೆ 40-50 ಕಿಲೋಮೀಟರ್ ಉದ್ದಕ್ಕೂ, ಕೆಲವು ಮೀಟರಿಗೊಂದರಂತೆ ಕಿವಿ ಇಟ್ಟ ಹಾಗೆ. ಈಶಾನ್ಯ ಗಡಿ ರೈಲ್ವೆಯವರು ಆನೆ ಹಳಿ ದಾಟುವ ಜಾಗಗಳಲ್ಲಿ ಇದನ್ನು ಬಳಸುತ್ತಿದ್ದಾರೆ, ಗಜರಾಜ್ ಅಂತ ಹೆಸರು. ಆನೆ ಹೆಜ್ಜೆ ಬೇರೆ, ಮನುಷ್ಯನ ಹೆಜ್ಜೆ ಬೇರೆ ಅಂತ ಗುರುತಿಸಿ ಸ್ಟೇಷನ್ ಮಾಸ್ತರಿಗೂ ಡ್ರೈವರಿಗೂ ಎಚ್ಚರಿಕೆ ಕೊಡುತ್ತದೆ.

ಎಸ್ಟೇಟಿಗೆ ಬರಬೇಕಾದರೆ ಎರಡು ಕಷ್ಟ. ರೈಲು ಹಳಿ ಪಕ್ಕ ಫೈಬರ್ ಮೊದಲೇ ಇರುತ್ತದೆ, ಆನೆ ದಾಟುವುದೂ ಆ ಗೆರೆಯನ್ನೇ. ನಿಮ್ಮಲ್ಲಿ ಆನೆ ಎಲ್ಲಿಂದ ಬೇಕಾದರೂ ಬರುತ್ತದೆ. ಎರಡನೆಯದು ದುಡ್ಡು. ಆ ಯಂತ್ರದ ಬೆಲೆ ಒಬ್ಬ ಬೆಳೆಗಾರನಿಗೆ ಆಗುವ ಮಾತಲ್ಲ. ಕಾಡಂಚಿನ ಉದ್ದಕ್ಕೂ ಸರ್ಕಾರವೋ ಸಂಘವೋ ಸೇರಿ ಹಾಕಿದರೆ ಆಗಬಹುದು.

ಕಾಫಿ_ಎಸ್ಟೇಟ್ (6:41)

ಸಂಘ ಸೇರೋದು ಆನೆ ಓಡಿಸೋದಕ್ಕಿಂತ ಕಷ್ಟ ಮೇಡಂ.

ಪಿಂಗ್_ಪರಮೇಶಿ (9:58)

ನನ್ನದೊಂದು ಚಿಲ್ಲರೆ ಪ್ರಶ್ನೆ. ಬೆಳಕಿನ ವೇಗ ಅಂತಾರೆ, ಸಿಂಗಪುರದ ಸರ್ವರ್‌ನಲ್ಲಿ ಆಡಿದರೆ ಪಿಂಗ್ (ಸಿಗ್ನಲ್ ಹೋಗಿ ಬರೋ ಹೊತ್ತು) 40 ಮಿಲಿಸೆಕೆಂಡ್ ಕೆಳಗೆ ಇಳಿಯೋದೇ ಇಲ್ಲ. ಪ್ಲಾನ್ ಬದಲಿಸಿದೆ, ರೂಟರ್ ಬದಲಿಸಿದೆ.

ಬೆಳಕಿನ_ಹುಳು (10:15)

ರೂಟರ್ ಅಂಗಡಿಯವರು ಬದುಕಿಕೊಂಡರು ಬಿಡಿ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುವುದಿಲ್ಲ, ಎರಡು ಲಕ್ಷ ಮಾತ್ರ. ಬೆಂಗಳೂರಿಂದ ಸಿಂಗಪುರ ಹಕ್ಕಿ ಹಾರಿದ ದಾರಿಯಲ್ಲೇ 3000 ಕಿಲೋಮೀಟರ್ ಮೇಲೆ. ಹೋಗಿ ಬರೋದಕ್ಕೇ 30 ಮಿಲಿಸೆಕೆಂಡ್ ದಾಟುತ್ತದೆ. ಕೇಬಲ್ ಹಕ್ಕಿಯ ಹಾಗೆ ಹೋಗುವುದೂ ಇಲ್ಲ. ಯಾವ ಪ್ಲಾನ್ ತೆಗೆದುಕೊಂಡರೂ ಇದು ಬದಲಾಗುವುದಿಲ್ಲ.

ಬದಲಾಗಬೇಕಾದರೆ ಗಾಜನ್ನೇ ಬಿಡಬೇಕು. ಅದೂ ನಡೆಯುತ್ತಿದೆ. ನಡುವೆ ಟೊಳ್ಳಾಗಿರುವ ಫೈಬರ್ ಬಂದಿದೆ. ದೊಡ್ಡ ಕೊಳವೆಯ ಒಳಗೋಡೆಗೆ ಕೂದಲಿಗಿಂತ ತೆಳು ಗೋಡೆಯ ಸಣ್ಣ ಸಣ್ಣ ಕೊಳವೆಗಳನ್ನು ಅಂಟಿಸಿರುತ್ತಾರೆ, ಒಂದರೊಳಗೆ ಒಂದು. ಬೆಳಕು ನಡುವಿನ ಗಾಳಿಯಲ್ಲೇ ಓಡುತ್ತದೆ. ತಡ ಸುಮಾರು ಮೂರನೇ ಒಂದು ಭಾಗ ಕಡಿಮೆ. 2025ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನವರು ಇದರಲ್ಲಿ ಕಿಲೋಮೀಟರಿಗೆ 0.091 ಡೆಸಿಬಲ್ ಸಾಧಿಸಿದ್ದಾಗಿ ಪ್ರಕಟಿಸಿದರು. ಮಾಮೂಲಿ ಫೈಬರಿನ ಅರ್ಧಕ್ಕಿಂತ ಕಡಿಮೆ. ಈ ಸುದ್ದಿ ಬಂದ ದಿನ ನಮ್ಮ ಲ್ಯಾಬ್‌ನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಬರೀ ಮಾತು. ಸದ್ಯಕ್ಕೆ ಡೇಟಾ ಸೆಂಟರ್‌ಗಳ ನಡುವೆ ಹಾಕುತ್ತಾರೆ. ಪರಮೇಶಿಯವರ ಮನೆಗೆ ಬರಲು ತಡ ಇದೆ.

ಸ್ಪ್ಲೈಸಿಂಗ್_ಮಂಜ (10:33)

ಅಕ್ಕ, ಒಂದು ಅನುಮಾನ. ಗಾಜಿನ ಏರುಪೇರಿನಿಂದ ಬೆಳಕು ಚೆದುರಿ ವಾಪಸ್ ಬರುತ್ತೆ, ಅದನ್ನೇ ನನ್ನ ಓಟಿಡಿಆರ್ ನೋಡುತ್ತೆ ಅಂದಿರಿ. ಟೊಳ್ಳು ಫೈಬರಿನಲ್ಲಿ ಬೆಳಕಿನ ದಾರಿಯಲ್ಲಿ ಗಾಜೇ ಇಲ್ಲ. ಮತ್ತೆ ಮಂಗ ಹರಿದರೆ ನಾನು ಏನು ನೋಡಲಿ?

ಬೆಳಕಿನ_ಹುಳು (10:47)

ಮಂಜಣ್ಣ, ನಮ್ಮ ಕಾನ್ಫರೆನ್ಸ್‌ಗಳಲ್ಲಿ ಕೇಳುವ ಪ್ರಶ್ನೆ ಇದು. ಅದರಲ್ಲಿ ವಾಪಸ್ ಬರುವ ಬೆಳಕು ಎಷ್ಟೋ ಪಟ್ಟು ಕಡಿಮೆ. ಮಾಮೂಲಿ ಯಂತ್ರ ಚುಚ್ಚಿದರೆ ಇಳಿಜಾರೇ ಕಾಣುವುದಿಲ್ಲ, ಬರೀ ಗದ್ದಲ. ಒಳಗಿನ ಗಾಳಿಯಿಂದ ಚೆದುರಿ ಬರುವ ಸಣ್ಣ ಬೆಳಕನ್ನು ಹಿಡಿಯುವ ಯಂತ್ರಗಳ ಮೇಲೆ ಕೆಲಸ ನಡೆದಿದೆ. ಸ್ಪ್ಲೈಸಿಂಗ್ ಕೂಡ ನಿಮ್ಮ ಕಿಡಿಯ ಲೆಕ್ಕದಲ್ಲಿ ಆಗುವುದಿಲ್ಲ, ಜಾಸ್ತಿ ಬಿಸಿಯಾದರೆ ಒಳಗಿನ ಕೊಳವೆಗಳು ಕುಸಿಯುತ್ತವೆ.

ಸ್ಪ್ಲೈಸಿಂಗ್_ಮಂಜ (10:52)

ಅಂದರೆ ನನ್ನ ಕೆಲಸ ಹೋಗಲ್ಲ.

ಅಡಿಕೆ_ಅಂಗಳ (ಬುಧವಾರ ಬೆಳಿಗ್ಗೆ 7:20)

ಮೊಳೆಗೆ ಸುತ್ತಿದ್ದನ್ನು ಬಿಚ್ಚಿದೆ. ಮೋಡೆಮ್ ಪುಟದಲ್ಲಿ ಪವರ್ ಮೈನಸ್ 24 ಇದ್ದದ್ದು ಮೈನಸ್ 21ಕ್ಕೆ ಬಂತು. ಮೂರು ಡೆಸಿಬಲ್, ಅಂದರೆ ಅರ್ಧ ಬೆಳಕು ಮೊಳೆಯಲ್ಲೇ ಸೋರುತ್ತಿತ್ತು ಅಂತಾಯಿತು. ಸರಿ ತಾನೇ ಮೇಷ್ಟ್ರೇ?

ಕೊಟ್ಟಿಗೆ ಹಿಂದಿನ ಮರದಲ್ಲಿ ಬೆಳಿಗ್ಗೆಯಿಂದ ಏಳು ಮಂಗಗಳು ಕೂತಿವೆ. ಸದ್ಯಕ್ಕೆ ದೀಪ ಹಸಿರು.